ಕಪಾಟಿನ ಪಕ್ಕದ ಪಾಠ: ಹಗುರ ಲ್ಯಾಪ್‌ಟಾಪು ಮತ್ತು ಗಡಿನಾಡಿನ ಕಾಲೇಜು ಗ್ರಂಥಾಲಯ

(ಕಾಗವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಊರಿನ ಬಸದಿಯ ನೆಲಮಾಳಿಗೆಯಲ್ಲಿ 1394ರ ಒಂದು ಶಾಸನವಿದೆ. ಯಾಪನೀಯ ಸಂಘದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ ಎಂಬ ಮುನಿಗಳ ಹೆಸರುಗಳು ಅದರಲ್ಲಿ ಬರುತ್ತವೆ. ದಿಗಂಬರರಂತೆ ನಗ್ನತೆಯನ್ನು ಪಾಲಿಸುತ್ತಲೇ, ಶ್ವೇತಾಂಬರರಂತೆ ಹೆಣ್ಣಿಗೂ ಮುಕ್ತಿಯುಂಟು ಎಂದು ನಂಬಿದ್ದ ಜೈನ ಸಂಘ ಅದು. ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಆ ಸಂಘದವನು. ಕರ್ನಾಟಕದಲ್ಲಿ ಶತಮಾನಗಳ ಕಾಲ ಬಾಳಿ ಆಮೇಲೆ ಕಣ್ಮರೆಯಾದ ಆ ಸಂಘದ ತೀರ ಕೊನೆಯ ದಾಖಲೆಗಳಲ್ಲಿ ಒಂದು ನಮ್ಮ ಕಾಲ ಕೆಳಗೇ ಇದೆ.

ಕಾಗವಾಡದಿಂದಲೋ ಶೇಡಬಾಳ, ಉಗಾರ, ಐನಾಪುರ, ಮಂಗಸೂಳಿಗಳಿಂದಲೋ ಬಸ್ಸು ಹಿಡಿದು ಕಾಲೇಜಿಗೆ ಬರುವ ಒಬ್ಬ ಬಿ.ಎ. ವಿದ್ಯಾರ್ಥಿನಿಯನ್ನು ನೆನೆದುಕೊಳ್ಳಿ. ಇತಿಹಾಸದ ಪ್ರಾಧ್ಯಾಪಕರು ಆಕೆಗೆ “ಕಾಗವಾಡದ ಶಾಸನದ ಮ್ಯಾಲ ನಾಕ ಪುಟ ಬರಕೊಂಡ ಬಾರವಾ” ಅಂದರು ಎಂದುಕೊಳ್ಳೋಣ. ಆಕೆ ಮೊಬೈಲ್ ತೆರೆಯುತ್ತಾಳೆ. ಊರ ಹೆಸರು ಹಾಕಿದರೆ ಸಕ್ಕರೆ ಕಾರ್ಖಾನೆ, 2019ರ ಉಪಚುನಾವಣೆಯ ಫಲಿತಾಂಶ, ಪ್ರವಾಹದ ಸುದ್ದಿ ಬರುತ್ತವೆ. ಶಾಸನ ಬರುವುದಿಲ್ಲ. ಬೇಸತ್ತು ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದನ್ನು ಕೇಳುತ್ತಾಳೆ. ಅದು ಕ್ಷಣದಲ್ಲಿ ನುಣುಪಾದ ಎರಡು ಪುಟ ಕೊಡುತ್ತದೆ; ಕೊನೆಗೆ ಮೂರು ಪುಸ್ತಕಗಳ ಹೆಸರನ್ನೂ ಕೊಡುತ್ತದೆ. ಆ ಮೂರರಲ್ಲಿ ಎರಡು ಯಾರೂ ಬರೆಯದ ಪುಸ್ತಕಗಳಾಗಿದ್ದರೆ ಅದನ್ನು ಪತ್ತೆಹಚ್ಚುವ ದಾರಿ ಆಕೆಗೆ ಗೊತ್ತಿಲ್ಲ. ಹುಡುಗಿ ಜಾಣೆ, ಶ್ರಮಕ್ಕೆ ಹಿಂಜರಿಯುವವಳಲ್ಲ. ಹುಡುಕುವುದು ಹೇಗೆಂದು ಆಕೆಗೆ ಯಾರೂ ಕೂತು ಕಲಿಸಿಲ್ಲ, ಅಷ್ಟೇ.

ನಾನು ಇವತ್ತು ಹೇಳಬೇಕೆಂದಿರುವ ಮಾತು ಒಂದೇ. ಹುಡುಕಲು ಕಲಿಸುವುದು ಕಾಲೇಜು ಗ್ರಂಥಾಲಯದ ಮೊದಲ ಪಾಠ. ಅದನ್ನು ಪುಸ್ತಕದ ಕಪಾಟಿನ ಪಕ್ಕದಲ್ಲೇ, ವಿದ್ಯಾರ್ಥಿಯ ಕೈಗೆ ಒಂದು ಹಗುರ ಲ್ಯಾಪ್‌ಟಾಪು ಕೊಟ್ಟು ಕಲಿಸಬೇಕು. ಆ ಲ್ಯಾಪ್‌ಟಾಪು ಗ್ರಂಥಾಲಯದ ಆಸ್ತಿಯಾಗಿರಬೇಕು, ಪುಸ್ತಕದಂತೆ ಕೈಯಿಂದ ಕೈಗೆ ಹೋಗಬೇಕು.

ಈ ವಿಚಾರ ಹೊಸದೇನಲ್ಲ. ಎಸ್.ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಅವನ ಸಮಯ ಉಳಿಯಬೇಕು ಎಂಬುದು ಆ ಸೂತ್ರಗಳ ಜೀವ. ಹೊಸ ವಿದ್ಯಾರ್ಥಿ ಗ್ರಂಥಾಲಯಕ್ಕೆ ಬಂದಾಗ ಅವನಿಗೆ ಒಂದು ದೀಕ್ಷೆ ಆಗಬೇಕು ಎಂದು ಅವರು ಬರೆದರು. ಕ್ಯಾಟಲಾಗು ನೋಡುವುದು, ವರ್ಗೀಕರಣದ ಸಂಖ್ಯೆ ಓದುವುದು, ಆಕರ ಗ್ರಂಥ ಬಳಸುವುದು ಆ ದೀಕ್ಷೆಯ ಭಾಗ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಅವರಿಗೆ ಗ್ರಂಥಪಾಲಕನೂ ಶಿಕ್ಷಕನೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೇನಿಂಗ್ ಸೆಂಟರ್ ಕಟ್ಟಿದರು. ಪತ್ನಿ ಶಾರದಾ ಅವರ ಹೆಸರಿನಲ್ಲಿ ದತ್ತಿಯಿಟ್ಟು ಗ್ರಂಥಾಲಯ ವಿಜ್ಞಾನದ ಉಪನ್ಯಾಸಗಳಿಗೆ ದಾರಿ ಮಾಡಿದರು. ದತ್ತಿ ಉಪನ್ಯಾಸವೊಂದರಲ್ಲಿ ಗ್ರಂಥಾಲಯದ ಮಾತಾಡುವಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗದು.

ಅವರು ಹೇಳಿದ ದೀಕ್ಷೆ ಇವತ್ತು ನಮ್ಮ ಕಾಲೇಜುಗಳಲ್ಲಿ ಏನಾಗಿದೆ? ಪ್ರವೇಶ ಮುಗಿದ ಮೇಲೆ ‘ಓರಿಯೆಂಟೇಶನ್’ ಎಂಬ ಒಂದು ದಿನ. ಮೊದಲ ವರ್ಷದವರನ್ನು ಸಾಲಾಗಿ ಗ್ರಂಥಾಲಯಕ್ಕೆ ಕರೆತಂದು, ಕಪಾಟುಗಳನ್ನು ತೋರಿಸಿ, ಎಷ್ಟು ಪುಸ್ತಕ ಎಷ್ಟು ದಿನಕ್ಕೆ, ತಡವಾದರೆ ದಂಡವೆಷ್ಟು ಎಂದು ಹೇಳಿ ಕಳಿಸುತ್ತೇವೆ. ಒಂದು ಫೋಟೊ ತೆಗೆದು ಕಾಲೇಜು ಮೌಲ್ಯಮಾಪನದ ನ್ಯಾಕ್ ಕಡತಕ್ಕೆ ಸೇರಿಸುತ್ತೇವೆ. 2021-22ರಲ್ಲಿ ಪದವಿ ಪಠ್ಯಕ್ರಮ ಬದಲಾದಾಗ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆಯೇ ಬಂತು. ಅದರಲ್ಲಿ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಎಲ್ಲ ಇದ್ದವು. ತನ್ನ ಕಾಲೇಜಿನ ಕಪಾಟಿನಲ್ಲಿರುವ ಪುಸ್ತಕವನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ.

ಹುಡುಕಲು ಸಾಮಗ್ರಿ ಇಲ್ಲ ಎಂಬ ಕಾಲ ಹೋಗಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಯೋಜನೆ ಅನುದಾನಿತ ಪದವಿ ಕಾಲೇಜಿಗೆ 6,000ಕ್ಕೂ ಹೆಚ್ಚು ಇ-ಜರ್ನಲ್‌ಗಳನ್ನೂ ಎರಡು ಲಕ್ಷದ ಹತ್ತಿರ ಇ-ಪುಸ್ತಕಗಳನ್ನೂ ಕೊಡುತ್ತದೆ. ವರ್ಷದ ಶುಲ್ಕ ಜಿಎಸ್‌ಟಿ ಸೇರಿ 5,900 ರೂಪಾಯಿ. ಕಪಾಟೊಂದನ್ನು ಮಾಡಿಸಲು ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಅದೇ ಕೇಂದ್ರದ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಮಿಕ್ಕ ಪಿಎಚ್.ಡಿ. ಪ್ರಬಂಧಗಳು ಬಿಟ್ಟಿಯಾಗಿ ಓದಲು ಸಿಗುತ್ತವೆ. ಐಐಟಿ ಖರಗಪುರದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಅದು ಸದ್ಯಕ್ಕೆ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗೆ. ಗಡಿಭಾಗದಲ್ಲಿ ಉನ್ನತ ಶಿಕ್ಷಣದ ಭಾರ ಹೊತ್ತವುಗಳಲ್ಲಿ ಬಹಳಷ್ಟು ಖಾಸಗಿ ಶಿಕ್ಷಣ ಸಂಸ್ಥೆಗಳು ನಡೆಸುವ ಕಾಲೇಜುಗಳು. ಅವುಗಳನ್ನು ಈ ಯೋಜನೆ ಒಳಗೆ ತೆಗೆದುಕೊಳ್ಳಲೇಬೇಕು ಎಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಇಷ್ಟೆಲ್ಲ ಇದ್ದೂ ಎನ್-ಲಿಸ್ಟ್‌ನ ಯೂಸರ್‌ನೇಮು ಪಾಸ್‌ವರ್ಡು ತೆಗೆದುಕೊಂಡು ಆಮೇಲೆ ಒಮ್ಮೆಯೂ ಒಳಗೆ ಹೋಗದ ವಿದ್ಯಾರ್ಥಿಗಳನ್ನು ಪ್ರತಿ ಗ್ರಂಥಪಾಲಕರೂ ಕಂಡಿದ್ದಾರೆ. ಕೊಟ್ಟಿದ್ದೇವೆ, ಕಲಿಸಿಲ್ಲ.

ಈಗ ಯಂತ್ರದ ಮಾತಿಗೆ ಬರುತ್ತೇನೆ.

ಕಲಿಸಬೇಕೆಂದ ಕೂಡಲೇ ನಮಗೆ ಹೊಳೆಯುವುದು ಕಂಪ್ಯೂಟರ್ ಲ್ಯಾಬು. ಲ್ಯಾಬು ಇನ್ನೊಂದು ಮಹಡಿಯಲ್ಲಿರುತ್ತದೆ, ಬಿ.ಸಿ.ಎ.ಯವರ ವೇಳಾಪಟ್ಟಿಯಲ್ಲಿ ತುಂಬಿರುತ್ತದೆ, ಕೀಲಿ ಇನ್ನೊಬ್ಬರ ಹತ್ತಿರ ಇರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಅಲ್ಲಿ ಪುಸ್ತಕವಿಲ್ಲ. ಪರದೆಯ ಮೇಲೆ ಕ್ಯಾಟಲಾಗು ತೋರಿಸಬಹುದು. ಸಂಖ್ಯೆ ಬರೆದುಕೊಂಡು ಕೆಳಗಿಳಿದು ಕಪಾಟಿನ ಮುಂದೆ ನಿಲ್ಲುವ ಹೊತ್ತಿಗೆ ತಾಸು ಮುಗಿದಿರುತ್ತದೆ. ಹುಡುಕುವ ಅಭ್ಯಾಸ ಕೂರುವುದು ಪರದೆಯ ಸಂಖ್ಯೆಗೂ ಕೈಗೆ ಸಿಗುವ ಪುಸ್ತಕಕ್ಕೂ ಗಂಟು ಬಿದ್ದಾಗ. ಇಂದಿನ ಹಗುರ ಲ್ಯಾಪ್‌ಟಾಪು ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಿಂದ ಪುಸ್ತಕ ಎಳೆಯಬಹುದು. ಹತ್ತು ಜನ ಹತ್ತು ಕಪಾಟಿನ ಮುಂದೆ ನಿಂತು, ಪಕ್ಕದ ಪುಸ್ತಕ ಏಕೆ ಪಕ್ಕದಲ್ಲಿದೆ ಎಂದು ನೋಡಬಹುದು. ಆಮೇಲೆ ವಾಚನಾಲಯದ ಉದ್ದ ಮೇಜಿನ ಸುತ್ತ ಕೂತು ಓದಬಹುದು. 1999ರ ಸುಮಾರಿಗೆ ವೈ-ಫೈ ಬಂದಾಗಿನಿಂದ ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇದನ್ನೇ ಮಾಡಿವೆ. ಗಾಲಿಯಿರುವ ಕಪಾಟಿನಲ್ಲಿ ಲ್ಯಾಪ್‌ಟಾಪುಗಳನ್ನಿಟ್ಟು, ಪಾಠ ಇದ್ದ ಕಡೆ ಉರುಳಿಸಿಕೊಂಡು ಹೋಗಿ, ಪಾಠ ಮುಗಿದ ಮೇಲೆ ಮರಳಿ ಚಾರ್ಜಿಗೆ ಹಾಕುವುದು. ಪ್ರತ್ಯೇಕ ಲ್ಯಾಬು ಕಟ್ಟುವ ಖರ್ಚು ಅವರಿಗೂ ಭಾರವೇ ಆಗಿತ್ತು.

“ಎಲ್ಲರ ಕೈಯ್ಯಾಗೂ ಮೊಬೈಲ್ ಐತಲ್ರಿ, ಲ್ಯಾಪ್‌ಟಾಪ್ ಯಾಕ?” ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮೊಬೈಲಿನ ಚಿಕ್ಕ ಪರದೆಯಲ್ಲಿ ಒಂದು ಸಲಕ್ಕೆ ಒಂದೇ ಕಿಟಕಿ ಹಿತವಾಗಿ ಕಾಣುತ್ತದೆ. ಹುಡುಕುವ ಕೆಲಸ ನಡೆಯುವುದು ಎರಡನ್ನು ಅಕ್ಕಪಕ್ಕ ಇಟ್ಟಾಗ: ಒಂದು ಕಡೆ ಲೇಖನ, ಇನ್ನೊಂದು ಕಡೆ ಟಿಪ್ಪಣಿ, ಒಂದು ಕಡೆ ಆ್ಯಪ್ ಹೇಳಿದ ಪುಸ್ತಕದ ಹೆಸರು, ಇನ್ನೊಂದು ಕಡೆ ಅದು ನಿಜಕ್ಕೂ ಇದೆಯೇ ಎಂದು ಹೇಳುವ ಕ್ಯಾಟಲಾಗು. ಶೋಧಗಂಗಾದ ಪ್ರಬಂಧ ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್ ಆಗಿ ಬರುತ್ತದೆ. ಎರಡು ಕಾಲಮಿನ ಹಳೆಯ ಜರ್ನಲ್ ಪುಟವನ್ನು ಅಂಗೈ ಪರದೆಯಲ್ಲಿ ಓದುವವರ ಕಣ್ಣು ಹತ್ತು ನಿಮಿಷಕ್ಕೆ ಸೋಲುತ್ತದೆ. ಇನ್ನೂ ಒಂದಿದೆ. ಮನೆಯಲ್ಲಿ ಒಂದೇ ಒಳ್ಳೆಯ ಮೊಬೈಲಿದ್ದರೆ ಅದು ಅಣ್ಣನ ಕಿಸೆಯಲ್ಲಿರುತ್ತದೆ. ಕಾಲೇಜಿಗೆ ಬರುವ ತಂಗಿಗೆ ಸಮನಾಗಿ ಸಿಗುವ ಯಂತ್ರ ಗ್ರಂಥಾಲಯದ್ದು ಮಾತ್ರ.

ಹಗುರ ಯಂತ್ರದ ಕನಸನ್ನು ನಮ್ಮ ನಾಡೂ ಬೇಗನೆ ಕಂಡಿತ್ತು. 1998ರಿಂದ ಮುಂದಿನ ಕೆಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ವಿನಯ್, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿಜಯ್ ಚಂದ್ರು ಅವರೂ ಎನ್‌ಕೋರ್ ಕಂಪನಿಯವರೂ ಸೇರಿ ‘ಸಿಂಪ್ಯೂಟರ್’ ರೂಪಿಸಿದರು. ಅಂಗೈಯಗಲದ ಕಂಪ್ಯೂಟರು, ಲಿನಕ್ಸ್ ಮೇಲೆ ನಡೆಯುವಂಥದು. ಅದರ ಕಲ್ಪನೆಯಲ್ಲಿ ನನಗೆ ಬಹಳ ಹಿಡಿಸುವುದು ಅದರ ಸ್ಮಾರ್ಟ್ ಕಾರ್ಡು: ಯಂತ್ರ ಊರಿಗೆ ಒಂದು, ಕಾರ್ಡು ಪ್ರತಿಯೊಬ್ಬರಿಗೆ. ಕಾರ್ಡು ತೂರಿಸಿದರೆ ಯಂತ್ರ ಅವರದಾಗುತ್ತದೆ, ತೆಗೆದರೆ ಮುಂದಿನವರದು. 2004ರಲ್ಲಿ ಅದು ಪೇಟೆಗೆ ಬಂತು, ಬೆಲೆ ಇಳಿಯದೆ ನಿಂತಿತು, ಹಿಂದೆ ಸರಿಯಿತು. ಆಮೇಲೆ ಅಮೆರಿಕದಿಂದ ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂಬ ಯೋಜನೆ ಬಂತು. 2007ರಲ್ಲಿ ಮಹಾರಾಷ್ಟ್ರದ ಖೈರಾತ್ ಎಂಬ ಹಳ್ಳಿಯ ಶಾಲೆಯಲ್ಲಿ ಅದರ ಪ್ರಯೋಗ ನಡೆಯಿತು. ಅದೇ ವರ್ಷ ಒಂದು ಕಿಲೋಗಿಂತ ಕಡಿಮೆ ತೂಕದ ಏಸಸ್ ಈ ಪಿಸಿ ಬಂದು, ಲ್ಯಾಪ್‌ಟಾಪು ಅಷ್ಟು ಚಿಕ್ಕದೂ ಅಗ್ಗವೂ ಆಗಬಹುದೆಂದು ತೋರಿಸಿತು. 2011ರಲ್ಲಿ ಬ್ರೌಸರನ್ನೇ ನೆಚ್ಚಿದ ಕ್ರೋಮ್‌ಬುಕ್ ಬಂತು, ನಮ್ಮಲ್ಲಿ ಆಕಾಶ್ ಟ್ಯಾಬ್ಲೆಟ್ ಬಂತು.

ಕರ್ನಾಟಕ ಸರ್ಕಾರವೂ ಹಂಚಿದೆ. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು, 2021ರ ಜೂನಿನಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟು. ಕೊರೊನಾ ಕಾಲದಲ್ಲಿ ಅದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಹಂಚಿದ ಯಂತ್ರ ಮನೆಗೆ ಹೋಗುತ್ತದೆ. ಮರುವರ್ಷ ಬರುವ ವಿದ್ಯಾರ್ಥಿಗೆ ಬರಿಗೈ. ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಎಕರೆ ಕಬ್ಬಿಗೆ ಯಾರೂ ಕಟಾವು ಯಂತ್ರ ಕೊಳ್ಳುವುದಿಲ್ಲ, ಸರದಿ ಹಚ್ಚಿ ಬಾಡಿಗೆಗೆ ತರುತ್ತಾರೆ. ಗ್ರಂಥಾಲಯದ ಹತ್ತು ಯಂತ್ರ ಸರದಿಯ ಮೇಲೆ ಸಾವಿರ ಜನರನ್ನು ಮುಟ್ಟುತ್ತವೆ. ಸಿಂಪ್ಯೂಟರಿನ ಕಾರ್ಡಿನ ಕೆಲಸವನ್ನು ನಮ್ಮ ಐಡಿ ಕಾರ್ಡು ಮಾಡಲಿ.

ಇನ್ನು ಪಾಠ. ಆ ಶಾಸನಕ್ಕೇ ಮರಳುತ್ತೇನೆ. ಹದಿನೈದಿಪ್ಪತ್ತು ವಿದ್ಯಾರ್ಥಿಗಳು, ಇಬ್ಬರಿಗೊಂದು ಲ್ಯಾಪ್‌ಟಾಪು. ಎರಡು ತಾಸು.

ಮೊದಲು ಊರಿನ ಹೆಸರು. ಇಂಗ್ಲಿಷಿನಲ್ಲಿ ಕಾಗವಾಡವನ್ನು ‘ಡಬ್ಲ್ಯು’ ಹಾಕಿ ಬರೆದವರಿದ್ದಾರೆ, ‘ವಿ’ ಹಾಕಿ ಬರೆದವರಿದ್ದಾರೆ, ಕೊನೆಗೆ ‘ಎ’ ಸೇರಿಸಿದವರೂ ಇದ್ದಾರೆ. ಒಂದನ್ನು ಹಾಕಿದರೆ ಇನ್ನೊಂದು ಬರುವುದಿಲ್ಲ. ಜಿಲ್ಲೆಯ ಹೆಸರು ಬೆಳಗಾವಿ ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಳೆಯ ಇಂಗ್ಲಿಷ್ ಬರಹವೆಲ್ಲ ಬೆಳಗಾಂ ಎಂಬ ಹೆಸರಿನಡಿ ಇದೆ. ಕಾಗವಾಡ ತಾಲ್ಲೂಕು ಘೋಷಣೆಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಮಾಹಿತಿಗೆ ಅಥಣಿ ತಾಲ್ಲೂಕು ಎಂದು ಹುಡುಕಬೇಕು. 1884ರ ಬೊಂಬಾಯಿ ಗ್ಯಾಜೆಟಿಯರಿನ 21ನೆಯ ಸಂಪುಟ ಬೆಳಗಾವಿ ಜಿಲ್ಲೆಯದು, ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ. ಅದರಲ್ಲಿ ಊರುಗಳ ಹೆಸರಿನ ಕಾಗುಣಿತವೇ ಬೇರೆ. ಇಬ್ಬಿಬ್ಬರಾಗಿ ಕೂತ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೆ ಇಂಥ ಹೆಸರುಗಳ ಒಂದೊಂದು ಪಟ್ಟಿ ಮಾಡಲಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಎಲ್ಲಕ್ಕೂ ಎರಡು ಮೂರು ರೂಪಗಳು ಹೊರಬೀಳುತ್ತವೆ, ಮರಾಠಿಯ ರೂಪ ಬೇರೆ. ಈ ಸೀಮೆಯ ಹುಡುಗರಿಗೆ ಕನ್ನಡ, ಮರಾಠಿ ಎರಡೂ ಬಾಯಲ್ಲಿವೆ. ಗ್ರಂಥಾಲಯದಲ್ಲಿ ಅದು ದೊಡ್ಡ ಬಂಡವಾಳ. ಬೆಂಗಳೂರಿನ ವಿದ್ಯಾರ್ಥಿಗೆ ಮುಚ್ಚಿದ ಬಾಗಿಲು ಇವರಿಗೆ ತೆರೆದಿದೆ.

ಎರಡನೆಯ ಹೆಜ್ಜೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಶಾಸನ ಅಂದ ಕೂಡಲೇ ಎಪಿಗ್ರಾಫಿಯಾ ಕರ್ನಾಟಿಕಾ ನೆನಪಾಗುತ್ತದೆ. ಬಿ.ಎಲ್. ರೈಸ್ ಅವರ ಆ ಸಂಪುಟಗಳು ಹಳೆಯ ಮೈಸೂರು ಸೀಮೆಯವು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಲ್ಲಿಯ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ ಮುಂಬಯಿ-ಕರ್ನಾಟಕ ಸಂಪುಟಗಳಲ್ಲಿ, ಇಂಡಿಯನ್ ಆಂಟಿಕ್ವರಿಯಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳಲ್ಲಿ ಅರಸಬೇಕು. ಊರಿನ ಆಡಳಿತದ ಚರಿತ್ರೆ ಗೊತ್ತಿದ್ದರೆ ಮಾತ್ರ ಯಾವ ಕಪಾಟಿಗೆ ಕೈಹಾಕಬೇಕೆಂದು ತಿಳಿಯುತ್ತದೆ. ಯಾವ ಸರ್ಚ್ ಎಂಜಿನ್ನೂ ಇದನ್ನು ತಾನಾಗಿ ಹೇಳುವುದಿಲ್ಲ. ಗ್ರಂಥಪಾಲಕರೋ ಇತಿಹಾಸದ ಅಧ್ಯಾಪಕರೋ ಪಕ್ಕದಲ್ಲಿ ನಿಂತು ಹೇಳಬೇಕು.

ಮೂರನೆಯದರಲ್ಲಿ ಮನುಷ್ಯರು ಸಿಗುತ್ತಾರೆ. ಯಾಪನೀಯ ಎಂಬ ಪದ ಹಾಕಿ ಹುಡುಕಿದವರಿಗೆ ಆ.ನೇ. ಉಪಾಧ್ಯೆಯವರ ಹೆಸರು ಎದುರಾಗುತ್ತದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಓದಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದರು. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಜರ್ನಲ್ಲಿನಲ್ಲಿ ಯಾಪನೀಯ ಸಂಘದ ಮೇಲೆ ಲೇಖನ ಬರೆದರು. ‘ಪ್ರವಚನಸಾರ’ವನ್ನು 1935ರಲ್ಲಿ, ‘ಬೃಹತ್ಕಥಾಕೋಶ’ವನ್ನು 1943ರಲ್ಲಿ ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಬೆನ್ನು ಹಿಡಿದರೆ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ ಸಿಗುತ್ತದೆ. ಅಲ್ಲಿಂದ ಅದೇ ಮಾಲೆಯಲ್ಲಿ 1957ರಲ್ಲಿ ಬಂದ ಪಿ.ಬಿ. ದೇಸಾಯಿಯವರ ದಕ್ಷಿಣ ಭಾರತದ ಜೈನಧರ್ಮದ ಮೇಲಿನ ಪುಸ್ತಕ. ಒಂದು ಅಡಿಟಿಪ್ಪಣಿ ಇನ್ನೊಂದು ಪುಸ್ತಕಕ್ಕೆ, ಆ ಪುಸ್ತಕ ಮತ್ತೊಂದು ಹೆಸರಿಗೆ. ಇವುಗಳಲ್ಲಿ ಕೆಲವು ಪರದೆಯ ಮೇಲೆ ತೆರೆಯುತ್ತವೆ, ಕೆಲವು ಪಕ್ಕದ ಕಪಾಟಿನಲ್ಲಿರಬಹುದು, ಕೆಲವಕ್ಕೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೋ ಧಾರವಾಡಕ್ಕೋ ಹೋಗಬೇಕು. ಅಷ್ಟು ದೂರ ಹೋಗುವ ಮೊದಲೇ ಪುಸ್ತಕ ಅಲ್ಲಿದೆಯೇ ಎಂದು ಆಯಾ ಗ್ರಂಥಾಲಯದ ಓಪ್ಯಾಕ್, ಅಂದರೆ ಆನ್‌ಲೈನ್ ಕ್ಯಾಟಲಾಗು, ನೋಡಿ ತಿಳಿಯುವುದು ಕೂಡ ಪಾಠದ ಭಾಗವೇ. ಈ ಊರಿನಿಂದ ಮೀರಜ ಕೂಗಳತೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿರುವ ಬೆಳಗಾವಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಬಸ್ಸಿನ ದುಡ್ಡು ವ್ಯರ್ಥವಾಗಬಾರದು.

ಇದಾದ ಮೇಲೆ ಆ್ಯಪ್ ಕೊಟ್ಟ ಎರಡು ಪುಟವನ್ನು ಮೇಜಿನ ಮೇಲೆ ಇಡಿ. ಅದು ಹೆಸರಿಸಿದ ಪುಸ್ತಕಗಳನ್ನು ವಿದ್ಯಾರ್ಥಿಗಳು ಒಂದೊಂದಾಗಿ ಹುಡುಕಲಿ. ಲೇಖಕರು ಆ ಹೆಸರಿನ ಪುಸ್ತಕ ಬರೆದಿದ್ದಾರೆಯೇ? ಹೇಳಿದ ವರ್ಷ ಸರಿಯೇ? ಶಾಸನದ ಕಾಲ 1394 ಎಂದಿದೆಯೋ ಬೇರೆ ಏನೋ ಇದೆಯೋ? ಆ್ಯಪ್ ಬಳಸಬೇಡಿ ಎಂದು ನಿಷೇಧ ಹಾಕಿ ಫಲವಿಲ್ಲ. ಅದರ ಮಾತನ್ನು ಒರೆಗೆ ಹಚ್ಚುವ ಕೈ ಬಂದ ವಿದ್ಯಾರ್ಥಿಗೆ ಅದು ಕೆಡುಕು ಮಾಡಲಾರದು.

ಕನ್ನಡದ ಹುಡುಕಾಟಕ್ಕೆ ನಮ್ಮದೇ ಒಂದು ಮುಳ್ಳಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಠ್ಯದ ಒಳಗಿರುವುದು ರೋಮನ್ ಸಂಕೇತಗಳು, ಮೇಲೆ ಕಾಣುವುದಷ್ಟೇ ಕನ್ನಡ. ಯೂನಿಕೋಡಿನಲ್ಲಿ ಪದ ಹಾಕಿದರೆ ಅದು ಸಿಗದು. ಕನ್ನಡದ ಎಷ್ಟೋ ಪಿಎಚ್.ಡಿ. ಪ್ರಬಂಧಗಳು ಈ ಕಾರಣಕ್ಕೆ ಕಣ್ಣೆದುರಿಗಿದ್ದೂ ಮರೆಯಾಗಿವೆ. ಕೆಲವು ಕಾಲೇಜು ಗ್ರಂಥಾಲಯಗಳ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ, ಇನ್ನು ಕೆಲವುಗಳಲ್ಲಿ ಕೆಟ್ಟ ಸಂಕೇತಗಳ ಸಾಲಾಗಿದೆ. ಗ್ರಂಥಪಾಲಕ ಮಿತ್ರರೇ, ಕನ್ನಡ ಪುಸ್ತಕಗಳ ದಾಖಲೆಯನ್ನು ಯೂನಿಕೋಡಿಗೆ ತರದೆ ಎಷ್ಟು ಲ್ಯಾಪ್‌ಟಾಪು ಕೊಂಡರೂ ಕನ್ನಡ ವಿದ್ಯಾರ್ಥಿಗೆ ಪ್ರಯೋಜನ ಅರ್ಧವೇ. ಕೋಹಾ, ಸೋಲ್, ಇ-ಗ್ರಂಥಾಲಯ – ಯಾವ ತಂತ್ರಾಂಶವಾದರೂ ಸರಿ, ಯೂನಿಕೋಡಿನಲ್ಲಿ ಬರೆದರೆ ಕನ್ನಡದಲ್ಲಿ ಹುಡುಕಬಹುದು. ವಿದ್ಯಾರ್ಥಿಗಳಿಗೆ ಕೆ.ಪಿ. ರಾವ್ ಕೀಲಿಮಣೆಯನ್ನು ಮೊದಲ ತಾಸಿನಲ್ಲೇ ಕಲಿಸಿಬಿಡಿ. ನಮ್ಮ ವಚನಗಳನ್ನೇ ಪದ ಪದವಾಗಿ ಹುಡುಕಬಲ್ಲ ‘ವಚನ ಸಂಚಯ’ದ ಜಾಲತಾಣವನ್ನು ಅವರೆದುರು ತೆರೆಯಿರಿ, ಒಂದು ಪದ ಎಷ್ಟು ವಚನಕಾರರಲ್ಲಿ ಬಂದಿದೆಯೆಂದು ಕಂಡಾಗ ಅವರ ಮುಖ ಅರಳುತ್ತದೆ. ರಾಜ್ಯದ ಇನ್ನೊಂದು ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಮಾಹಿತಿ ತಂತ್ರಜ್ಞಾನದ ಪಠ್ಯವನ್ನು ಕನ್ನಡದಲ್ಲೇ ಕೊಡುತ್ತದೆ, ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಸ್ವತಂತ್ರ ತಂತ್ರಾಂಶ ಹಾಕಿಕೊಡುತ್ತದೆ. ಅಲ್ಲಿಯ ಶಾಲೆಗಳಲ್ಲಿ ನಡೆಯುತ್ತಿರುವುದು ಇಲ್ಲಿಯ ಕಾಲೇಜಿನಲ್ಲಿ ಆಗದೆಂದು ನಾನು ನಂಬುವುದಿಲ್ಲ.

ಖರ್ಚು, ನಿರ್ವಹಣೆಯ ಮಾತನ್ನು ಆಡಳಿತ ಮಂಡಳಿಯವರ ಮುಂದೆ ಬಿಡಿಸಿ ಹೇಳಬೇಕು. ಹತ್ತರಿಂದ ಶುರುಮಾಡಿ. ಈ ಕೆಲಸಕ್ಕೆ ದೊಡ್ಡ ಪ್ರೊಸೆಸರು ಬೇಡ. ಬ್ರೌಸರು, ಪಿಡಿಎಫ್, ಬರವಣಿಗೆ ನಡೆದರೆ ಸಾಕು. ತೂಕ ಒಂದೂವರೆ ಕಿಲೋ ಮೀರಬಾರದು, ಬ್ಯಾಟರಿ ಒಂದು ಪೂರ್ತಿ ಕಾಲೇಜು ದಿನ ಬರಬೇಕು, ಕೀಲಿಮಣೆ ಗಟ್ಟಿಯಿರಬೇಕು. ಬಿಡಿಭಾಗ ಮೀರಜ, ಸಾಂಗಲಿ, ಬೆಳಗಾವಿಯ ಅಂಗಡಿಯಲ್ಲಿ ಸಿಗುವಂಥ ಮಾದರಿಯನ್ನೇ ಕೊಳ್ಳಿ. ಲಿನಕ್ಸ್ ಹಾಕಿದರೆ ಪರವಾನಗಿಯ ದುಡ್ಡು ಉಳಿಯುತ್ತದೆ, ಹಳೆಯ ಯಂತ್ರವೂ ಇನ್ನಷ್ಟು ವರ್ಷ ನಡೆಯುತ್ತದೆ. 45 ವಾಟಿನ ಹತ್ತು ಚಾರ್ಜರು ಒಟ್ಟಿಗೆ ಹಚ್ಚಿದರೂ 450 ವಾಟು. ವಿದ್ಯುತ್ತು ಹೋದರೆ ಪಾಠ ನಿಲ್ಲುವುದಿಲ್ಲ, ಡೆಸ್ಕ್‌ಟಾಪಿನ ಲ್ಯಾಬಾದರೆ ಆ ಕ್ಷಣವೇ ಕತ್ತಲು. ಅಂತರ್ಜಾಲ ಕೈಕೊಟ್ಟ ದಿನಕ್ಕಾಗಿ ಗ್ರಂಥಾಲಯದ ಓಪ್ಯಾಕನ್ನು ಒಳಗಿನ ಸರ್ವರಿನಲ್ಲೇ ಇಡಿ. ಕಿವಿಕ್ಸ್ ಎಂಬ ಬಿಟ್ಟಿ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಪ್ರತಿ ಯಂತ್ರದೊಳಗೆ ಇಳಿಸಿಟ್ಟುಕೊಳ್ಳಬಹುದು. ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಬದಲಿಸಲು ಹಣ ಮೊದಲ ದಿನವೇ ತೆಗೆದಿಡಿ. ಕೃಷ್ಣೆ 2005ರಲ್ಲಿ, 2019ರಲ್ಲಿ, 2021ರಲ್ಲಿ ಉಕ್ಕಿದ್ದನ್ನು ಕಂಡ ಸೀಮೆ ಇದು. ನದಿಗೆ ಹತ್ತಿರದ ಕಾಲೇಜುಗಳು ಚಾರ್ಜಿಂಗ್ ಕಪಾಟನ್ನು ಮೇಲ್ಮಹಡಿಯಲ್ಲಿಡಲಿ.

ಯಂತ್ರಕ್ಕಿಂತ ದುರ್ಲಭವಾದದ್ದು ಗ್ರಂಥಪಾಲಕರ ಸಮಯ. ಇಶ್ಯೂ ಕೌಂಟರಿನಲ್ಲಿ ಒಬ್ಬರೇ ಕೂತಿರುವ ಕಾಲೇಜಿನಲ್ಲಿ ಅವರು ಎದ್ದು ಬಂದು ಪಾಠ ಮಾಡುವುದು ಹೇಗೆ? ಹುದ್ದೆಗಳನ್ನು ತುಂಬಬೇಕು, ಅದು ಸರ್ಕಾರದ ಹೊಣೆ. ಅಲ್ಲಿಯವರೆಗೆ ವಾರಕ್ಕೆ ಎರಡು ತಾಸು ಕೌಂಟರನ್ನು ಬೇರೊಬ್ಬ ಸಿಬ್ಬಂದಿಗೆ ಒಪ್ಪಿಸಿ ಗ್ರಂಥಪಾಲಕರನ್ನು ಪಾಠಕ್ಕೆ ಬಿಡುವುದು ಪ್ರಾಚಾರ್ಯರ ಕೈಯಲ್ಲಿದೆ. ಆ ಎರಡು ತಾಸು ವೇಳಾಪಟ್ಟಿಯಲ್ಲಿ ವಿಷಯದ ಹೆಸರಿನೊಂದಿಗೆ ಅಚ್ಚಾಗಬೇಕು. ‘ಬಿಡುವಿದ್ದಾಗ’ ಎಂದು ಬಿಟ್ಟ ಪಾಠ ನಡೆಯುವುದಿಲ್ಲ. ವಿಷಯದ ಅಧ್ಯಾಪಕರು ಜೊತೆಗೆ ಕೂರಬೇಕು, ಬರೆದು ತಂದ ನಾಲ್ಕು ಪುಟಕ್ಕೆ ಒಳ ಮೌಲ್ಯಮಾಪನದ ಅಂಕ ಕೊಡಬೇಕು.

ದತ್ತಿಯ ಬಗ್ಗೆಯೂ ಒಂದು ಕೋರಿಕೆ. ಈ ಸೀಮೆಯ ಜೈನ ಮನೆತನಗಳಿಗೆ ಶಾಸ್ತ್ರದಾನ ಹೊಸದಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ ಪ್ರತಿ ಮನೆಯಲ್ಲೂ ನೆನಪಿರುವವಳು. ಈಗ ದತ್ತಿಯಿಡುವವರು ಉಪನ್ಯಾಸಕ್ಕೆ ಕೊಟ್ಟಂತೆ ಗ್ರಂಥಾಲಯಕ್ಕೆ ಐದು ಲ್ಯಾಪ್‌ಟಾಪನ್ನೂ ಅವುಗಳ ದುರಸ್ತಿಗೆ ಒಂದು ಠೇವನ್ನೂ ಕೊಡಬಹುದು. ಯಂತ್ರವನ್ನು ಮಾತ್ರ ಕೊಟ್ಟು ದುರಸ್ತಿಯ ಹಣ ಕೊಡದಿದ್ದರೆ ಮೂರನೆಯ ವರ್ಷಕ್ಕೆ ಕಪಾಟಿನಲ್ಲಿ ಸತ್ತ ಯಂತ್ರಗಳೇ ಉಳಿಯುತ್ತವೆ. ಆದ್ದರಿಂದ ಎರಡನ್ನೂ ಕೇಳುತ್ತಿದ್ದೇನೆ.

ಮೊದಲ ವರ್ಷಕ್ಕೆ ಪಾಠದ ವಿಷಯಗಳೇನು ಎಂದು ಮಿತ್ರರು ಆಗಲೇ ಕೇಳಿದ್ದರು. ಬಸದಿಯ ಶಾಸನವನ್ನು ಹೇಳಿದೆ. ವಾಣಿಜ್ಯದವರಿಗೆ ಉಗಾರದ ಸಕ್ಕರೆ ಕಾರ್ಖಾನೆಯಿದೆ. ಷೇರುಪೇಟೆಯಲ್ಲಿರುವ ಕಂಪನಿ ಆದ್ದರಿಂದ ಅದರ ವಾರ್ಷಿಕ ವರದಿಗಳನ್ನು ಹುಡುಕಿ ಓದಬಹುದು. ಭೂಗೋಳದವರಿಗೆ ಮಹಾಪೂರ: ನೀರಾವರಿ ಇಲಾಖೆಯ ಅಂಕಿಗಳು, ಎರಡೂ ರಾಜ್ಯಗಳ ವರದಿಗಳು. ಕನ್ನಡದವರಿಗೆ ಅಥಣಿಯ ಶಿವಯೋಗಿಗಳ ಚರಿತ್ರೆಗಳು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರದವರು 1981ರ ನಿಪ್ಪಾಣಿಯ ತಂಬಾಕು ಬೆಳೆಗಾರರ ಆಂದೋಲನವನ್ನು ತೆಗೆದುಕೊಳ್ಳಲಿ. ಅದರ ನಾಯಕ ಶರದ್ ಜೋಶಿಯವರ ಬರಹ ಮರಾಠಿಯಲ್ಲಿದೆ, ಸರ್ಕಾರದ ಕಾಗದ ಕನ್ನಡ ಮತ್ತು ಇಂಗ್ಲಿಷಿನಲ್ಲಿ, ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಎನ್-ಲಿಸ್ಟ್ ಮೂಲಕ ನಿಮ್ಮ ಪಾಸ್‌ವರ್ಡಿಗೇ ತೆರೆಯುತ್ತದೆ. ಆಂದೋಲನದಲ್ಲಿ ಕೂತಿದ್ದ ಅಜ್ಜ ಅಜ್ಜಿಯರು ಇನ್ನೂ ಕೆಲವರ ಮನೆಗಳಲ್ಲಿದ್ದಾರೆ. ಅವರು ಹೇಳಿದ್ದಕ್ಕೂ ಪರದೆಯಲ್ಲಿ ಸಿಕ್ಕಿದ್ದಕ್ಕೂ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಬರೆದು ತರಲಿ. ಆ ಬರಹಗಳನ್ನು ಗ್ರಂಥಪಾಲಕರು ಸಂಖ್ಯೆ ಕೊಟ್ಟು ಕ್ಯಾಟಲಾಗಿಗೆ ಸೇರಿಸಿದರೆ ಮರುವರ್ಷದವರು ಅವನ್ನೂ ಹುಡುಕಿ ಓದುತ್ತಾರೆ.